ಸಂರಕ್ಷಣಾ ಬಡಾವಣೆ
ವಿರಳ ವಸತಿ ಪ್ರದೇಶದಲ್ಲಿ ಮನೆಗಳ ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ, ಅವನ್ನು ಜಮೀನಿನ ಒಂದು ಭಾಗದಲ್ಲಿ ಸಣ್ಣ ನಿವೇಶನಗಳಾಗಿ ಗುಂಪುಗೂಡಿಸಿ, ಉಳಿದ ಕಾಡು, ಹುಲ್ಲುಗಾವಲು, ಜೌಗುನೆಲಗಳನ್ನು ಶಾಶ್ವತವಾಗಿ ಕಾಯ್ದಿರಿಸುವ ವಲಯ ನಿಯಮ. ಅಮೆರಿಕದಲ್ಲಿ ಬೆಳೆದ ಈ ಕ್ರಮವನ್ನು ಯೋಜನಾತಜ್ಞ ರ‍್ಯಾಂಡಲ್ ಅರೆಂಟ್ ಅವರು 1990ರ ದಶಕದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ರೂಢಿಯ ವಿನ್ಯಾಸದಲ್ಲಿ ನಿವೇಶನಗಳನ್ನು ಹಂಚಿ ಮಿಕ್ಕ ನೆಲವಷ್ಟೇ ಬಯಲಾಗಿ ಉಳಿದರೆ, ಇಲ್ಲಿ ಉಳಿಸಬೇಕಾದ ನೆಲವನ್ನು ಮೊದಲು ಗುರುತಿಸಿ, ಅನಂತರ ಮನೆಗಳ ಜಾಗವನ್ನೂ ರಸ್ತೆ, ಕಾಲುದಾರಿಗಳನ್ನೂ ನಿಗದಿಪಡಿಸಿ, ನಿವೇಶನದ ಗಡಿಗಳನ್ನು ಕೊನೆಯಲ್ಲಿ ಎಳೆಯಲಾಗುತ್ತದೆ. ಈ ಅನುಕ್ರಮವೇ ಪದ್ಧತಿಯ ತಿರುಳು. ಎರಡು ಎಕರೆಗೊಂದರಂತೆ 40 ಎಕರೆಯಲ್ಲಿ ಅನುಮತಿಯಿರುವ 20 ಮನೆಗಳನ್ನು ಮುಕ್ಕಾಲು ಎಕರೆಯ ನಿವೇಶನಗಳಿಗೆ ಇಳಿಸಿದರೆ, ರಸ್ತೆಗಳನ್ನು ಕಳೆದೂ ಅರ್ಧದಷ್ಟು ನೆಲ ಉಳಿಯುತ್ತದೆ. ಆ ನೆಲವನ್ನು ಸಂರಕ್ಷಣಾ ಕರಾರು, ಅಂದರೆ ಮಾಲೀಕರು ಬದಲಾದರೂ ಕಟ್ಟಡ ನಿರ್ಮಾಣವನ್ನು ತಡೆಯುವ ನೋಂದಾಯಿತ ನಿರ್ಬಂಧ, ಕಾಯುತ್ತದೆ. ನೆರೆಯ ಬಡಾವಣೆಗಳ ಮೀಸಲು ನೆಲಗಳು ಒಂದಕ್ಕೊಂದು ಕೂಡಿಕೊಳ್ಳದಿದ್ದಲ್ಲಿ ವನ್ಯಜೀವಿಗಳಿಗೆ ಇದರಿಂದಾಗುವ ಪ್ರಯೋಜನ ಕುಗ್ಗುತ್ತದೆ.