ಷಡ್ಜ ಸರಿಸುವ ವಿದ್ಯೆ

ಸಾಯಗಾಂವ ಇರುವುದು ಭಾಲ್ಕಿ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಸೀಮೆಯಲ್ಲಿ. ಭಾಲ್ಕಿ, ಔರಾದ ಭಾಗದ ಭಜನೆಗಳಲ್ಲಿ ಕನ್ನಡದ ವಚನ, ತತ್ವಪದಗಳೂ ಮರಾಠಿ ಅಭಂಗಗಳೂ ಕೇಳಿಬರುತ್ತವೆ. ಎಲ್ಲಕ್ಕೂ ಸಾಥ್ ಕೊಡುವುದು ಪೇಟಿ, ಅಂದರೆ ಹಾರ್ಮೋನಿಯಂ. ಒಬ್ಬರ ಸುರ ಕರಿ ಒಂದು ಎಂಬ ಕೀ, ಮತ್ತೊಬ್ಬರದು ಬಿಳಿ ನಾಲ್ಕು. ಹಾಡುವವರು ಬದಲಾದಂತೆ ಪೇಟಿ ನುಡಿಸುವವರು ಷಡ್ಜವನ್ನೇ ಸರಿಸಬೇಕು. ಸದ್ದಿಲ್ಲದೆ ನಡೆಯುವ ಈ ಕೆಲಸ ದೊಡ್ಡ ವಿದ್ಯೆ. ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಹಾರ್ಮೋನಿಯಂ ಹುಟ್ಟಿದ್ದು ಯುರೋಪಿನಲ್ಲಿ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ಒತ್ತುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕಿ ನುಡಿಸುವಂತೆ ರೂಪಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ತೆರೆದರು. ಮುಂದೆ ನಾಟಕ ಕಂಪನಿಗಳು ಪೇಟಿಯನ್ನು ಊರೂರಿಗೆ ಕೊಂಡೊಯ್ದವು.

ಇದೇ ಬಳಗದ ಇನ್ನೊಂದು ವಾದ್ಯ ಮೌತ್ ಆರ್ಗನ್. ಎರಡರಲ್ಲೂ ಗಾಳಿಗೆ ಕಂಪಿಸುವುದು ಲೋಹದ ರೀಡು. ಜರ್ಮನಿಯ ಟ್ರೊಸಿಂಗೆನ್ ಊರಿನ ಮಥಿಯಾಸ್ ಹೋನರ್ 1857ರಲ್ಲಿ ಮೌತ್ ಆರ್ಗನ್ ತಯಾರಿಕೆಗೆ ಕೈಹಾಕಿದ. ಹತ್ತು ರಂಧ್ರಗಳ ಆ ಅಗ್ಗದ ವಾದ್ಯ ಅಮೆರಿಕದ ಕಪ್ಪು ಜನರ ಕೈಗೆ ಬಂದಾಗ ಅವರು ಹೊಸದೊಂದನ್ನು ಕಂಡುಕೊಂಡರು. ಸಿ ಸ್ವರದ, ಅಂದರೆ ಬಿಳಿ ಒಂದರ, ವಾದ್ಯವನ್ನು ಅದರ ಷಡ್ಜದಿಂದ ನುಡಿಸದೆ ಪಂಚಮವನ್ನೇ ಷಡ್ಜವಾಗಿಟ್ಟುಕೊಂಡರು. ಬ್ಲೂಸ್ ವಾದಕರು ಇದನ್ನು ಎರಡನೇ ಪೊಸಿಷನ್ ಎನ್ನುತ್ತಾರೆ. ಉಸಿರನ್ನು ಒಳಗೆಳೆಯುತ್ತ ನಾಲಗೆಯನ್ನು ತುಸು ಹಿಂದಕ್ಕೆ ತಂದು ಬಾಯಿಯ ಪೊಳ್ಳನ್ನು ಬದಲಿಸಿದರೆ ಸ್ವರ ಕೆಳಗೆ ಜಾರುತ್ತದೆ. ಇದು ಬೆಂಡಿಂಗ್. ಶುದ್ಧ ಗಾಂಧಾರದಿಂದ ಕೋಮಲದತ್ತ ಜಾರುವ ಆ ನಡೆಯೇ ಬ್ಲೂಸಿನ ಜೀವ. 1952ರಲ್ಲಿ ಶಿಕಾಗೋದ ಲಿಟಲ್ ವಾಲ್ಟರ್ ಮೌತ್ ಆರ್ಗನ್ ಅನ್ನು ಮೈಕ್ರೊಫೋನಿಗೆ ಒಗ್ಗಿಸಿ ‘ಜೂಕ್’ ಎಂಬ ವಾದನವನ್ನು ಧ್ವನಿಮುದ್ರಿಸಿದ.

ಹಿಂದೂಸ್ತಾನಿ ಕಲಿತವರಿಗೆ ಈ ಪೊಸಿಷನ್‌ಗಳು ಹೊಸವಲ್ಲ, ಇವು ಷಡ್ಜ ಸರಿಸಿ ಪಡೆಯುವ ಮೂರ್ಛನೆಗಳೇ. ಪೇಟಿಯ ಬಿಳಿ ಕೀಗಳನ್ನಷ್ಟೇ ಬಳಸಿ ಬಿಳಿ ಒಂದರಿಂದ ಹೊರಟರೆ ಬಿಲಾವಲ್ ಥಾಟ್, ಬಿಳಿ ಐದರಿಂದ ಖಮಾಜ್, ಬಿಳಿ ಎರಡರಿಂದ ಕಾಫಿ, ಬಿಳಿ ಆರರಿಂದ ಆಸಾವರಿ, ಬಿಳಿ ಮೂರರಿಂದ ಭೈರವಿ. ಮೌತ್ ಆರ್ಗನ್‌ನಲ್ಲಿ ಇವೇ ಕ್ರಮವಾಗಿ ಒಂದರಿಂದ ಐದರವರೆಗಿನ ಪೊಸಿಷನ್‌ಗಳು.

ಆದರೆ ಪೇಟಿಯಲ್ಲಿ ಸ್ವರ ಜಾರುವುದಿಲ್ಲ. ಮೀಂಡ್ ಬರುವುದಿಲ್ಲ, ಶ್ರುತಿಗಳು ನಿಲ್ಲುವುದಿಲ್ಲ ಎಂಬ ಆಕ್ಷೇಪ ಎದ್ದು 1940ರ ಮಾರ್ಚಿನಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಅದು ಭಾಗಶಃ ತೆರೆದದ್ದು 1971ರಲ್ಲಿ.

ಆ ಮೂರು ದಶಕ ವಾದಕರು ಕೈಕಟ್ಟಿ ಕೂರಲಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ (1917–2010) ಸಾಥ್ ಮತ್ತು ಸೋಲೊ ಎರಡರಲ್ಲೂ ಪೇಟಿಗೆ ಗೌರವ ತಂದರು, ಶಿಷ್ಯರನ್ನು ಬೆಳೆಸಿದರು. ರೀಡು ಜಾರದಿದ್ದರೇನು? ಕಣಸ್ವರ, ಒಂದು ಕೀ ಬಿಡುವ ಮೊದಲೇ ಮುಂದಿನದನ್ನು ಹಿಡಿಯುವ ಬೆರಳು, ತಿದಿಯ ಹದ, ಇವುಗಳಿಂದ ಹಾಡುವ ಗಂಟಲಿಗೆ ಹತ್ತಿರವಾಗುವುದು ಪೇಟಿವಾದಕರ ದಾರಿ. ಕೀಗಳ ಹಲಗೆಯನ್ನೇ ಸರಿಸುವ ಸ್ಕೇಲ್ ಚೇಂಜರ್ ಪೇಟಿಯೂ ಇದೆ. ಅದರಲ್ಲಿ ಸುರ ಬದಲಾದರೂ ಬೆರಳಿನ ಜಾಗ ಬದಲಾಗದು. ಸಾದಾ ಪೇಟಿಯಲ್ಲಿ ಕಲಿತವರಿಗೆ ಮಾತ್ರ ಪ್ರತಿ ಸುರದಲ್ಲೂ ರಾಗದ ದಾರಿ ಬೇರೆ ಬೇರೆಯಾಗಿ ಬೆರಳಿಗೆ ಹತ್ತಿರಬೇಕು.

ಸಿ ಮೌತ್ ಆರ್ಗನ್ ಹಿಡಿದು ಬ್ಲೂಸ್ ಕಲಿಯಹೊರಟ ಇಲ್ಲಿನ ಹುಡುಗರಿಗೂ ಈ ಪೇಟಿಯೇ ನೆರವಾದೀತು. ಬಿಳಿ ಐದನ್ನು ಒತ್ತಿ ಹಿಡಿದು ಎರಡನೇ ರಂಧ್ರದಿಂದ ಉಸಿರು ಒಳಗೆಳೆದರೆ ಅದೇ ಷಡ್ಜ, ಮೂರನೆಯದರಲ್ಲಿ ಗಾಂಧಾರ, ನಾಲ್ಕನೆಯದರಲ್ಲಿ ಪಂಚಮ. ಮೂರನೆಯದನ್ನು ಬೆಂಡ್ ಮಾಡುವಾಗ ಕರಿ ಐದು ಒತ್ತಿ ನೋಡಿದರೆ ಕೋಮಲ ಗಾಂಧಾರ ಸರಿಯಾಗಿ ಕೂತಿತೋ ಇಲ್ಲವೋ ಕಿವಿಗೆ ತಿಳಿಯುತ್ತದೆ.