ಬರ್ಲಿನ್ ನಗರವೂ ಅದರ ವಿಮಾನ ನೆಲೆಗಳೂ

ದಂಡು ಒಂದು ಕಡೆ, ಪೇಟೆ ಇನ್ನೊಂದು ಕಡೆ: ಇದು ನಮ್ಮ ಊರುಗಳ ಹಳೆಯ ವ್ಯವಸ್ಥೆ. ಇವೆರಡರ ನಡುವೆ ವ್ಯಾಪಾರವಿರುತ್ತದೆ, ಒಂದಿಷ್ಟು ಭಯವಿರುತ್ತದೆ, ಒಂದಿಷ್ಟು ತಾತ್ಸಾರವೂ ಇರುತ್ತದೆ. ಕೂಡಿ ದುಡಿಯುವ ಸಂದರ್ಭ ಮಾತ್ರ ವಿರಳ. ಸೈನಿಕ ವಿಮಾನ ನೆಲೆಗಳು ಹುಟ್ಟಿಕೊಂಡ ಮೇಲೆ ಈ ಅಂತರ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮುಳ್ಳುತಂತಿಯ ಬೇಲಿ, ಒಳಗೆ ನಡೆಯುವುದು ಹೊರಗೆ ತಿಳಿಯದಂತಹ ಗೋಪ್ಯ, ರಾತ್ರಿಯ ನಿದ್ದೆಯನ್ನು ಕೆಡಿಸುವ ಸದ್ದು, ಇವುಗಳ ಮೂಲಕವೇ ನಗರವಾಸಿಗೆ ನೆಲೆಯ ಪರಿಚಯವಾಗುತ್ತದೆ. ಹೀಗಿರುವಲ್ಲಿ, ಒಂದು ಮಹಾನಗರವು ತನ್ನ ಎಲ್ಲೆಯೊಳಗಿನ ಸೈನಿಕ ವಿಮಾನ ನೆಲೆಗಳಿಗೆ ಹೆಗಲು ಕೊಟ್ಟು, ಆ ನೆಲೆಗಳ ಮೂಲಕವೇ ಸುಮಾರು ಒಂದು ವರ್ಷ ಕಾಲ ಜೀವ ಹಿಡಿದುಕೊಂಡ ಪ್ರಸಂಗವೊಂದು ಈ ಶತಮಾನದ ಹಿಂದಿನ ಶತಮಾನದಲ್ಲಿ ನಡೆಯಿತು. ಆ ನಗರ ಬರ್ಲಿನ್, ಕಾಲ 1948-49. ಆ ನೆಲೆಗಳಲ್ಲಿದ್ದವರಾದರೋ, ಮೂರು ವರ್ಷಗಳ ಹಿಂದಷ್ಟೇ ಅದೇ ನಗರದ ಮೇಲೆ ಬಾಂಬು ಸುರಿದಿದ್ದ ರಾಷ್ಟ್ರಗಳ ವಾಯುಪಡೆಯವರು.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು ನಾಲ್ಕು ರಾಷ್ಟ್ರಗಳು ಹಂಚಿಕೊಂಡಿದ್ದವು. ರಾಜಧಾನಿ ಬರ್ಲಿನ್ ಸೋವಿಯತ್ ವಲಯದ ಒಳಗೆ, ಪಶ್ಚಿಮದ ಗಡಿಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿದ್ದಿತು. ಆ ನಗರವನ್ನೂ ನಾಲ್ಕು ಭಾಗ ಮಾಡಲಾಗಿತ್ತು. 1948ರ ಜೂನ್ ತಿಂಗಳಲ್ಲಿ ಪಶ್ಚಿಮ ರಾಷ್ಟ್ರಗಳು ತಮ್ಮ ವಲಯಗಳಲ್ಲಿ ಹೊಸ ನಾಣ್ಯವನ್ನು ಚಲಾವಣೆಗೆ ತಂದವು. ಅದಕ್ಕೆ ಉತ್ತರವೆಂಬಂತೆ ಜೂನ್ 24ರಂದು ಸೋವಿಯತ್ ಆಡಳಿತವು ಪಶ್ಚಿಮ ಬರ್ಲಿನ್ನಿಗೆ ಬರುವ ರಸ್ತೆ, ರೈಲು ಮತ್ತು ಕಾಲುವೆ ದಾರಿಗಳೆಲ್ಲವನ್ನೂ ಮುಚ್ಚಿತು. ಪೂರ್ವದಿಂದ ಬರುತ್ತಿದ್ದ ವಿದ್ಯುತ್ತೂ ನಿಂತಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜನ. ಉಗ್ರಾಣದಲ್ಲಿದ್ದ ಆಹಾರ ಸುಮಾರು 36 ದಿನಗಳದು, ಕಲ್ಲಿದ್ದಲು 45 ದಿನಗಳದು. ಉಳಿದದ್ದು ಆಕಾಶ ಮಾರ್ಗವೊಂದೇ. ನೆಲದ ದಾರಿಗಳ ಬಗೆಗೆ ಲಿಖಿತ ಒಪ್ಪಂದವಿರಲಿಲ್ಲ. ಆದರೆ 32 ಕಿಲೋಮೀಟರ್ ಅಗಲದ ಮೂರು ವಾಯುಮಾರ್ಗಗಳ ಬಗೆಗೆ 1945ರ ನವೆಂಬರಿನಲ್ಲಿಯೇ ಬರಹದಲ್ಲಿ ಒಪ್ಪಿಗೆಯಾಗಿದ್ದಿತು.

ನಗರಕ್ಕೆ ದಿನವೊಂದಕ್ಕೆ ಕನಿಷ್ಠ 4,500 ಟನ್ ಸಾಮಗ್ರಿ ಬೇಕೆಂದು ಲೆಕ್ಕ ಹಾಕಿದರು. ಜೂನ್ 26ರಂದು ಹಾರಾಟ ತೊಡಗಿದಾಗ ಇದ್ದ ಡಕೋಟಾ ವಿಮಾನವೊಂದು ಹೊರುತ್ತಿದ್ದುದು ಸುಮಾರು ಮೂರು ಟನ್. ಮೊದಲ ದಿನ ಅಮೆರಿಕನ್ನರು ತಲುಪಿಸಿದ್ದು ಸುಮಾರು 80 ಟನ್. ಇದು ನಡೆಯುವ ಕೆಲಸವೆಂದು ನಂಬಿದವರು ಆಗ ಬಹಳ ಮಂದಿ ಇರಲಿಲ್ಲ. ಮುಂದೆ ಹತ್ತು ಟನ್ ಹೊರುವ ದೊಡ್ಡ ವಿಮಾನಗಳು ಬಂದವು. ಆದರೆ ದೊಡ್ಡ ವಿಮಾನ ಬಂದೊಡನೆ ಹೊಸ ತೊಡಕು ಎದುರಾಯಿತು. ಅದಕ್ಕೆ ಇಳಿಯಲು ಗಟ್ಟಿ ನೆಲ ಬೇಕು, ಹೊರೆಯನ್ನು ಇಳಿಸಲು ಕೈಗಳು ಬೇಕು. ಈ ಎರಡನ್ನೂ ಒದಗಿಸಿದ್ದು ನಗರ.

ಅಮೆರಿಕನ್ ವಿಭಾಗದ ಟೆಂಪೆಲ್‌ಹೋಫ್ ನೆಲೆಯನ್ನೇ ನೋಡಿ. ಅದು ಊರಾಚೆಯ ನಿಲ್ದಾಣವಲ್ಲ. ಸುತ್ತಲೂ ಬಹುಮಹಡಿಯ ಮನೆಗಳಿದ್ದು, ವಿಮಾನಗಳು ಮನೆಗಳ ಮಾಡಿನ ಮೇಲೆಯೇ ಇಳಿದುಬರಬೇಕಾಗಿದ್ದಿತು. ಅದರ ಭಾರೀ ಕಟ್ಟಡ ಹಿಟ್ಲರನ ಕಾಲದ್ದು. ಯುದ್ಧದ ದಿನಗಳಲ್ಲಿ ಪರದೇಶಗಳಿಂದ ಎಳೆತಂದ ಜೀತದಾಳುಗಳು ಅಲ್ಲಿ ಯುದ್ಧವಿಮಾನಗಳನ್ನು ಜೋಡಿಸುತ್ತಿದ್ದರು. ಅಂತಹ ಸ್ಥಳದಲ್ಲಿ ಈಗ ಹಿಟ್ಟು, ಹಾಲಿನ ಪುಡಿ, ಒಣಗಿಸಿದ ಆಲೂಗಡ್ಡೆ ಇಳಿಯತೊಡಗಿದವು. ಉಕ್ಕಿನ ತಟ್ಟೆಗಳನ್ನು ಹಾಸಿದ್ದ ರನ್‌ವೇ ಭಾರದ ವಿಮಾನಗಳ ಏಟಿಗೆ ಕಿತ್ತುಬರುತ್ತಿದ್ದಿತು. ಬರ್ಲಿನ್ನಿನ ಕೂಲಿಗಾರರು ಮರಳು, ಡಾಂಬರುಗಳೊಡನೆ ಪಕ್ಕದಲ್ಲಿಯೇ ನಿಂತಿದ್ದು, ವಿಮಾನವೊಂದು ಇಳಿದು ಮುಂದೆ ಸರಿದೊಡನೆ ಓಡಿಹೋಗಿ ಗುಂಡಿ ಮುಚ್ಚಿ, ಮುಂದಿನದು ಬರುವಷ್ಟರಲ್ಲಿ ಹಿಂದಕ್ಕೆ ಓಡಿಬರುತ್ತಿದ್ದರು. ಹೀಗೆಯೇ ಹಳೆಯದನ್ನು ಕಾಪಾಡಿಕೊಂಡು, ಜೊತೆಯಲ್ಲಿಯೇ ಎರಡು ಹೊಸ ರನ್‌ವೇಗಳನ್ನು ಕಟ್ಟಿದರು.

ಜುಲೈ ಕೊನೆಯಲ್ಲಿ ಈ ಕಾರ್ಯದ ಹೊಣೆ ಹೊತ್ತ ಅಮೆರಿಕನ್ ಸೇನಾನಿ ವಿಲಿಯಂ ಟನ್ನರ್ ನಮ್ಮ ದೇಶಕ್ಕೆ ಅಪರಿಚಿತನಲ್ಲ. ಯುದ್ಧದ ಕೊನೆಯ ವರ್ಷಗಳಲ್ಲಿ ಅಸ್ಸಾಮಿನ ನೆಲೆಗಳಿಂದ ಹಿಮಾಲಯವನ್ನು ದಾಟಿ ಚೀನಾಕ್ಕೆ ಸಾಮಗ್ರಿ ಸಾಗಿಸಿದ ವಾಯುಸಾರಿಗೆಯನ್ನು ನಡೆಸಿದವನು ಅವನೇ. ಬರ್ಲಿನ್ನಿನಲ್ಲಿ ಅವನು ತಂದದ್ದು ಗಡಿಯಾರದ ಶಿಸ್ತು. ಮೂರು ನಿಮಿಷಕ್ಕೊಂದು ವಿಮಾನ. ಇಳಿಯುವುದು ಒಮ್ಮೆ ತಪ್ಪಿದರೆ ಆಕಾಶದಲ್ಲಿ ಸುತ್ತುವಂತಿಲ್ಲ, ಹೊರೆಯೊಡನೆ ಹಿಂದಿರುಗಬೇಕು. ಆದರೆ ಈ ಶಿಸ್ತು ನೆಲದ ಮೇಲೆ ಕೈಗೂಡಬೇಕಾದರೆ ಹೊರೆ ಇಳಿಸುವವರು ಅದೇ ವೇಗದಲ್ಲಿ ದುಡಿಯಬೇಕಷ್ಟೆ. ಹನ್ನೆರಡು ಜನ ಬರ್ಲಿನ್ನಿಗರ ತಂಡವೊಂದು ಹತ್ತು ಟನ್ ಕಲ್ಲಿದ್ದಲನ್ನು ಆರು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಇಳಿಸಿತೆಂಬುದು ದಾಖಲಾದ ಸಂಗತಿ. ಅರೆಹೊಟ್ಟೆಯ ಪಡಿತರ ಉಂಡು ಮಾಡಿದ ಕೆಲಸವಿದು. ಯಂತ್ರ ಬಲ್ಲವರ ಕೊರತೆ ಕಂಡಾಗ ಟನ್ನರ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟನು. ಪಶ್ಚಿಮ ಜರ್ಮನಿಯಲ್ಲಿದ್ದ ತನ್ನ ನೆಲೆಗಳಲ್ಲಿ ವಿಮಾನ ದುರಸ್ತಿಗೆ ಜರ್ಮನ್ ವಾಯುಪಡೆಯ ಮಾಜಿ ಯಂತ್ರಜ್ಞರನ್ನೇ ನೇಮಿಸಿಕೊಳ್ಳಲು ಅನುಮತಿ ಪಡೆದನು. ಜರ್ಮನರೊಡನೆ ಬೆರೆಯಬಾರದೆಂಬ ನಿಯಮವನ್ನು ಹೀಗೆ ಕೆಲಸದ ಅಗತ್ಯವೇ ಸಡಿಲಿಸಿತು.

ಆದರೂ ಎರಡು ನೆಲೆಗಳು ಸಾಲದಾದವು. ಫ್ರೆಂಚ್ ವಿಭಾಗದ ಟೆಗೆಲ್‌ನಲ್ಲಿ, ಹಿಂದೆ ಪ್ರಷ್ಯನ್ ಸೈನ್ಯದ ಕವಾಯತು ನೆಲವಾಗಿದ್ದ ಬಯಲಿನಲ್ಲಿ, 1948ರ ಆಗಸ್ಟ್ 5ರಂದು ಮೂರನೆಯ ನೆಲೆಯ ಕೆಲಸ ಪ್ರಾರಂಭವಾಯಿತು. ದೊಡ್ಡ ಯಂತ್ರಗಳನ್ನು ವಿಮಾನದಲ್ಲಿ ತರುವಂತಿರಲಿಲ್ಲ. ಕೆಲವನ್ನು ಪಶ್ಚಿಮದಲ್ಲಿ ತುಂಡುತುಂಡಾಗಿ ಕತ್ತರಿಸಿ ತಂದು ಬರ್ಲಿನ್ನಿನಲ್ಲಿ ಮತ್ತೆ ಬೆಸೆದರು. ಉಳಿದ ಕೆಲಸವೆಲ್ಲ ಜನಗಳ ಕೈಯದು. ಹದಿನೇಳು ಸಾವಿರಕ್ಕೂ ಹೆಚ್ಚು ಬರ್ಲಿನ್ನಿಗರು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು, ಹಗಲಿರುಳು ಮೂರು ಪಾಳಿಗಳಲ್ಲಿ ದುಡಿದರು. ರನ್‌ವೇಗೆ ತಳಪಾಯವಾಗಿ ಹಾಕಿದ್ದು ಬಾಂಬು ದಾಳಿಯಲ್ಲಿ ಕುಸಿದ ಮನೆಗಳ ಇಟ್ಟಿಗೆಯ ಚೂರು. ಯಾವ ವಾಯುಪಡೆಗಳು ಆ ಮನೆಗಳನ್ನು ಕೆಡವಿದ್ದವೋ ಅವುಗಳ ವಿಮಾನಗಳು ಇಳಿಯುವುದಕ್ಕೆಂದು ಅದೇ ಇಟ್ಟಿಗೆಯನ್ನು ಆ ಮನೆಗಳ ಜನ ಹೊತ್ತು ಹಾಸಿದರು. ಸುಮಾರು 2,400 ಮೀಟರ್ ಉದ್ದದ, ಅಂದಿನ ಯೂರೋಪಿನಲ್ಲಿಯೇ ಅತಿ ಉದ್ದದ ಆ ರನ್‌ವೇ ಸುಮಾರು ತೊಂಬತ್ತು ದಿನಗಳಲ್ಲಿ ಸಿದ್ಧವಾಯಿತು. ನವೆಂಬರ್ 5ರಂದು ಅಲ್ಲಿ ಮೊದಲ ವಿಮಾನ ಇಳಿಯಿತು.

ಬ್ರಿಟಿಷರ ಗಾಟೋವ್ ನೆಲೆಯ ಕಥೆಯೂ ಇಂತಹುದೇ. ಅಲ್ಲಿ ಇಳಿದ ಸಾಮಗ್ರಿ ಹತ್ತಿರದ ಹಾವೆಲ್ ನದಿಯ ದೋಣಿಗಳಲ್ಲಿ ನಗರದ ಒಳಕ್ಕೆ ಸಾಗುತ್ತಿದ್ದಿತು. ಚಳಿಗಾಲ ಕವಿಯುವವರೆಗೆ ಜಲವಿಮಾನಗಳು ಆ ನದಿಯ ಅಗಲವಾದ ನೀರಿನ ಮೇಲೆಯೇ ಇಳಿದು ಉಪ್ಪನ್ನು ತಂದವು; ಸಮುದ್ರದ ನೀರಿಗೆಂದೇ ಮಾಡಿದ ಅವುಗಳ ಮೈ ಉಪ್ಪಿಗೆ ತುಕ್ಕು ಹಿಡಿಯುತ್ತಿರಲಿಲ್ಲ. ವಿಮಾನಗಳೆಲ್ಲವೂ ಬರಿದಾಗಿ ಹಿಂದಿರುಗಲಿಲ್ಲ ಎಂಬುದನ್ನೂ ಗಮನಿಸಬೇಕು. ನಿಶ್ಶಕ್ತರಾದ ಮಕ್ಕಳನ್ನು ಪಶ್ಚಿಮಕ್ಕೆ ಕರೆದೊಯ್ದವು. ದಿಗ್ಬಂಧನದ ಬರ್ಲಿನ್ನಿನಲ್ಲಿ ತಯಾರಾದದ್ದು ಎಂಬ ಮುದ್ರೆ ಹೊತ್ತ ಸರಕುಗಳನ್ನೂ ಒಯ್ದವು. ದಿನಕ್ಕೆ ನಾಲ್ಕು ಗಂಟೆಯ ವಿದ್ಯುತ್ತಿನಲ್ಲಿ ಬದುಕುತ್ತಿದ್ದ ನಗರ ಭಿಕ್ಷೆಯೊಂದನ್ನೇ ನೆಚ್ಚಿ ಕೂರಲಿಲ್ಲ.

ಬೇಲಿಯ ಬಳಿಯ ಒಂದು ಪ್ರಸಂಗ ಜಗತ್ತಿಗೆಲ್ಲ ಗೊತ್ತಾಗಿದೆ. 1948ರ ಜುಲೈಯಲ್ಲಿ ಗೇಲ್ ಹಾಲ್ವರ್ಸನ್ ಎಂಬ ಅಮೆರಿಕನ್ ವೈಮಾನಿಕನು ಟೆಂಪೆಲ್‌ಹೋಫ್‌ನ ತಂತಿಬೇಲಿಯ ಹೊರಗೆ ನಿಂತಿದ್ದ ಮಕ್ಕಳನ್ನು ಮಾತನಾಡಿಸಿದನು. ಅವನ ಜೇಬಿನಲ್ಲಿದ್ದುದು ಎರಡು ಚೂಯಿಂಗ್ ಗಮ್. ಮಕ್ಕಳು ಕಾದಾಡದೆ ಅದನ್ನು ಚೂರು ಮಾಡಿ ಹಂಚಿಕೊಂಡರು; ಸಿಗದವರು ಸುತ್ತಿದ ಕಾಗದವನ್ನು ಮೂಸಿ ನೋಡಿದರು. ಮರುದಿನ ವಿಮಾನದಿಂದ ಸಿಹಿ ಉದುರಿಸುವುದಾಗಿಯೂ, ಗುರುತಿಗೆ ರೆಕ್ಕೆ ಅಲುಗಿಸುವುದಾಗಿಯೂ ಅವನು ಮಾತು ಕೊಟ್ಟನು. ಕರವಸ್ತ್ರದ ಪುಟ್ಟ ಪ್ಯಾರಾಷೂಟುಗಳಲ್ಲಿ ಅವನು ತೊಡಗಿಸಿದ ಈ ಕೆಲಸ ಕೊನೆಗೆ ಇಪ್ಪತ್ತು ಟನ್ನಿಗೂ ಹೆಚ್ಚು ಮಿಠಾಯಿಯಷ್ಟು ಬೆಳೆಯಿತು. 2022ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವನು ತೀರಿಕೊಂಡನು. ಈ ಕಥೆ ಸುಂದರವಾದುದು, ನಿಜವೂ ಹೌದು. ಆದರೆ ಇದೊಂದನ್ನೇ ನೆನೆದರೆ ಬೇಲಿಯ ಹೊರಗಿದ್ದವರು ಬರಿಯ ಕೈ ಚಾಚಿದವರೆಂದು ತೋರುತ್ತದೆ. ಆ ಮಕ್ಕಳ ತಾಯಂದಿರು ಅನೇಕರು ಆಗ ಟೆಗೆಲ್‌ನಲ್ಲಿ ಇಟ್ಟಿಗೆ ಹೊರುವುದರಲ್ಲಿದ್ದಿರಬೇಕು.

ಈ ಸಹಕಾರಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಜುಲೈ 25ರಂದು ಡಕೋಟಾ ವಿಮಾನವೊಂದು ಫ್ರೀಡೆನಾವ್ ಬಡಾವಣೆಯ ವಸತಿಗೃಹವೊಂದಕ್ಕೆ ಬಡಿದು ಅದರಲ್ಲಿದ್ದ ಇಬ್ಬರು ಅಮೆರಿಕನ್ನರು ಸತ್ತರು. ವಿಮಾನಗಳನ್ನು ಊರ ಮೇಲಿಂದ ಆಚೆಗೆ ತಿರುಗಿಸಿರೆಂದು ಜನ ಕೇಳಬಹುದಾಗಿದ್ದಿತು. ಅವರು ಮಾಡಿದ್ದು ಬೇರೆ. ಆ ಸ್ಥಳದಲ್ಲಿ ಸತ್ತವರ ನೆನಪಿಗೆ ಫಲಕವೊಂದನ್ನು ನಿಲ್ಲಿಸಿ ಹೂವಿಟ್ಟರು. ಇಡೀ ಸಾಹಸದಲ್ಲಿ 31 ಅಮೆರಿಕನ್ನರೂ ಸುಮಾರು 40 ಬ್ರಿಟಿಷರೂ ಪ್ರಾಣ ತೆತ್ತರು. ನೆಲೆಗಳಲ್ಲಿ ದುಡಿಯುತ್ತಿದ್ದ ಜರ್ಮನರೂ ಸತ್ತರು.

ಇದನ್ನು ಕೇವಲ ಕರುಣೆಯ ಕಥೆಯೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಪಶ್ಚಿಮ ರಾಷ್ಟ್ರಗಳಿಗೆ ಬರ್ಲಿನ್ನಿನಲ್ಲಿ ಉಳಿಯುವುದು ರಾಜಕೀಯ ಅಗತ್ಯವಾಗಿದ್ದಿತು. ಬರ್ಲಿನ್ನಿಗರಿಗೂ ತಮ್ಮದೇ ಕಾರಣಗಳಿದ್ದವು. ಪೂರ್ವ ಭಾಗದಲ್ಲಿ ಪಡಿತರ ಪಡೆಯಬಹುದೆಂದು ಸೋವಿಯತ್ ಆಡಳಿತ ಕರೆ ಕೊಟ್ಟಾಗ ಹೋದವರು ಸ್ವಲ್ಪ ಮಂದಿ. ಸೆಪ್ಟೆಂಬರ್ 9ರಂದು ಸುಟ್ಟ ಸಂಸತ್ ಭವನದ ಮುಂದೆ ಎರ್ನ್ಸ್ಟ್ ರಾಯ್ಟರನ ಭಾಷಣ ಕೇಳಲು ನೆರೆದವರು ಲಕ್ಷಗಟ್ಟಲೆ. ಇಬ್ಬರ ಸ್ವಾರ್ಥಗಳು ಒಂದೆಡೆ ಸಂಧಿಸಿದವು. ಮೊದಲಿಗೆ ಇದ್ದುದು ಇಷ್ಟೇ. ಪರಸ್ಪರ ನಂಬಿಕೆ ಹುಟ್ಟಿದ್ದು ಆಮೇಲೆ, ದಿನದಿನದ ಕೆಲಸದ ನಡುವೆ. ಸ್ನೇಹವಿದ್ದುದರಿಂದ ಅವರು ಕೂಡಿ ದುಡಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕ್ರಮ ತಿರುವುಮುರುವಾಗಿದ್ದಿತೆಂಬುದೇ ಈ ಪ್ರಸಂಗ ನಮಗೆ ಕಲಿಸುವ ಮುಖ್ಯ ಪಾಠವೆಂದು ನನಗೆ ತೋರುತ್ತದೆ.

1949ರ ಮೇ 12ರಂದು ದಿಗ್ಬಂಧನ ಕೊನೆಗೊಂಡಿತು. ಹಾರಾಟ ಸೆಪ್ಟೆಂಬರ್ 30ರವರೆಗೂ ನಡೆಯಿತು. ಒಟ್ಟು 2,77,000ಕ್ಕೂ ಹೆಚ್ಚು ಹಾರಾಟಗಳಲ್ಲಿ ಬಂದ ಸಾಮಗ್ರಿ ಸುಮಾರು 23 ಲಕ್ಷ ಟನ್. ಅದರಲ್ಲಿ ಮೂರನೆಯ ಎರಡು ಪಾಲು ಕಲ್ಲಿದ್ದಲು. ಕಾಲಕ್ರಮದಲ್ಲಿ ನೆಲೆಗಳು ಒಂದೊಂದಾಗಿ ನಿವೃತ್ತಿ ಹೊಂದಿದವು. ಗಾಟೋವ್ ವಸ್ತುಸಂಗ್ರಹಾಲಯವಾಯಿತು. ಟೆಂಪೆಲ್‌ಹೋಫ್ 2008ರಲ್ಲಿಯೂ, ನಾಗರಿಕ ನಿಲ್ದಾಣವಾಗಿ ಬೆಳೆದಿದ್ದ ಟೆಗೆಲ್ 2020ರಲ್ಲಿಯೂ ಮುಚ್ಚಿದವು. ಟೆಂಪೆಲ್‌ಹೋಫ್‌ನ ಬಯಲು 2010ರಲ್ಲಿ ಜನರಿಗೆ ತೆರೆಯಿತು. ಅಲ್ಲಿ ಕಟ್ಟಡ ಕಟ್ಟುವ ಯೋಜನೆ ಬಂದಾಗ, 2014ರ ಮೇ ತಿಂಗಳಲ್ಲಿ ನಡೆದ ಜನಮತಗಣನೆಯಲ್ಲಿ ಬರ್ಲಿನ್ನಿಗರು ಬಯಲು ಬಯಲಾಗಿಯೇ ಉಳಿಯಲಿ ಎಂದು ಬಹುಮತದಿಂದ ತೀರ್ಮಾನಿಸಿದರು. ಒಮ್ಮೆ ತಾವು ಗುಂಡಿ ಮುಚ್ಚಿ ಕಾಪಾಡಿದ ನೆಲದ ಮೇಲೆ ಆ ನಗರಕ್ಕೆ ಅಷ್ಟು ಹಕ್ಕು ಇದ್ದೇ ಇದ್ದಿತು.