ಫಸಲಿಯಿಂದ ಆಧಾರ್‌ವರೆಗೆ: ಹೈದರಾಬಾದಿನಲ್ಲಿ ವಯಸ್ಸಿನ ಪುರಾವೆ

1983ರ ಫೆಬ್ರವರಿಯಲ್ಲಿ ಹೈದರಾಬಾದಿನ ಸರ್ಕಾರಿ ಕಚೇರಿಗಳಲ್ಲಿ ಎಲ್ಲರ ಕಣ್ಣೂ ಸರ್ವಿಸ್ ರಿಜಿಸ್ಟರಿನ ಒಂದೇ ಸಾಲಿನ ಮೇಲಿತ್ತು: ಹುಟ್ಟಿದ ತಾರೀಖು. ಆಂಧ್ರಪ್ರದೇಶದಲ್ಲಿ ಅಧಿಕಾರಕ್ಕೆ ಬಂದು ತಿಂಗಳಾಗಿದ್ದ ಎನ್.ಟಿ. ರಾಮರಾವ್ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 55ಕ್ಕೆ ಇಳಿಸಿತ್ತು. 55 ದಾಟಿದ್ದ ಸಾವಿರಾರು ನೌಕರರು ತಿಂಗಳ ಕೊನೆಗೇ ಮನೆಗೆ ಹೋದರು.

ಆ ಸಾಲಿನ ಮೂಲ ಎಷ್ಟೋ ಜನರ ಪಾಲಿಗೆ ಶಾಲಾ ಮಾಸ್ತರರ ಅಂದಾಜು.

ಆ ಪೀಳಿಗೆ ಹುಟ್ಟಿದ್ದು ನಿಜಾಮರ ಕಾಲದಲ್ಲಿ. ರಾಯಚೂರು, ಗುಲ್ಬರ್ಗ, ಬೀದರ್ ಕೂಡ ಆಗ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದವು. ಹಳ್ಳಿಯ ತಾಯಿಗೆ ನೆನಪಿರುತ್ತಿದ್ದುದು ಮಗು ಹುಟ್ಟಿದ ಬರಗಾಲ, ಇಲ್ಲವೇ ಜಾತ್ರೆ. ಸರ್ಕಾರದ ಲೆಕ್ಕವೋ ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿ. ಅಜೂರ್, ದೈ, ಬಹಮನ್ ಎಂದು ಸಾಗುವ ಆ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ದಾಖಲೆಯಲ್ಲಿ ಫಸಲಿ 1340ರ ಅಜೂರ್ ಎಂದಿದ್ದರೆ 1930ರ ಅಕ್ಟೋಬರ್ ಎಂದು ಓದಬೇಕು. ಇಸವಿ ತೆಗೆಯಲು ಡಿಸೆಂಬರ್‌ವರೆಗೆ 590, ಜನವರಿಯಿಂದಾಚೆಗೆ 591 ಕೂಡಿಸಬೇಕು. ಇಲ್ಲಿ ಗುಮಾಸ್ತ ಎಡವಿದರೆ ನೌಕರನ ಒಂದಿಡೀ ವರ್ಷದ ಸಂಬಳವೇ ಹೋಗುವಂತಿತ್ತು.

1984ರಲ್ಲಿ ನಿವೃತ್ತಿ ವಯಸ್ಸು ಮತ್ತೆ 58ಕ್ಕೆ ಏರಿತು. ಆದರೆ ಅದೇ ವರ್ಷದ ಹೊಸ ನಿಯಮಗಳು ತಿದ್ದುಪಡಿಯ ಬಾಗಿಲು ಮುಚ್ಚಿದವು. ಬರೆಯುವಾಗಿನ ಕೈತಪ್ಪು ಬಿಟ್ಟರೆ ಸರ್ವಿಸ್ ರಿಜಿಸ್ಟರಿನಲ್ಲಿರುವ ತಾರೀಖೇ ಅಂತಿಮ ಎಂದಾಯಿತು. 1990ರಲ್ಲಿ ಸುಪ್ರೀಂ ಕೋರ್ಟೂ ಸರ್ಕಾರದ ಪರ ತೀರ್ಪಿತ್ತಿತು.

ಆಮೇಲೆ ಬಂದವು ಕಾರ್ಡುಗಳು: 1993ರಿಂದ ಮತದಾರರ ಗುರುತಿನ ಚೀಟಿ, 2010ರಿಂದ ಆಧಾರ್. ಕಾಗದವಿಲ್ಲದವರು ಬಾಯಿಮಾತಿನಲ್ಲಿ ಹೇಳಿದ ವಯಸ್ಸನ್ನೂ ಆಧಾರ್ ಬರೆದುಕೊಂಡಿತು. ಹಾಗಾಗಿಯೇ 2024ರ ಜನವರಿಯಲ್ಲಿ ಭವಿಷ್ಯನಿಧಿ ಸಂಸ್ಥೆ ಅದನ್ನು ಜನ್ಮದಿನದ ಪುರಾವೆಗಳ ಪಟ್ಟಿಯಿಂದ ತೆಗೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿನ ವಿಷಯದಲ್ಲಿ ಆಧಾರ್‌ಗಿಂತ ಶಾಲೆಯ ಪ್ರಮಾಣಪತ್ರವೇ ಮೇಲು ಎಂದಿತು. ಹೈದರಾಬಾದಿನ ಮನೆಗಳಲ್ಲಿ ಎಸ್ಸೆಸ್ಸಿ ಮೆಮೊವನ್ನು, ಅಂದರೆ ಹತ್ತನೇ ತರಗತಿಯ ಅಂಕಪಟ್ಟಿಯನ್ನು, ಜೋಪಾನವಾಗಿ ಎತ್ತಿಡುವುದು ಇದಕ್ಕೇ.

ಈ ತಾರೀಖು ಬರೀ ಪಿಂಚಣಿಯ ಮಾತಲ್ಲ. 2017ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಪೊಲೀಸರು ಬಾಲಕಿಯರನ್ನು ಕೊಲ್ಲಿ ದೇಶಗಳ ಮುದುಕರಿಗೆ ಮದುವೆ ಮಾಡಿಸುತ್ತಿದ್ದ ಜಾಲವನ್ನು ಹಿಡಿದರು. ಬಂಧಿತರಲ್ಲಿ ಖಾಜಿಗಳೂ ಇದ್ದರು. ಇಂಥ ಮದುವೆಗಳು ನಡೆಯುವುದೇ ಕಾಗದದ ಮೇಲೆ ಹುಡುಗಿಯ ವಯಸ್ಸು ಏರಿಸಿ. ಅಲ್ಲಿ ಆಕೆಯನ್ನು ಕಾಯಬಲ್ಲದ್ದು, ಹುಟ್ಟಿದಾಗಲೇ ಬರೆಸಿದ ದಾಖಲೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮದುವೆ ನೋಂದಣಿಗೆಲ್ಲ ಜನನ ಪ್ರಮಾಣಪತ್ರವೇ ಆಧಾರ. ಅದಕ್ಕಾಗಿ ಮಗು ಹುಟ್ಟಿದ 21 ದಿನಗಳೊಳಗೆ ಹೆಸರಿಟ್ಟಿರಲಿ, ಬಿಡಲಿ, ಜನನವನ್ನು ನೋಂದಾಯಿಸಬೇಕು.